ದ್ರಾಕ್ಷಿ ಯಾವ ಹವೆಯಲ್ಲಿ ಹಣ್ಣಾಯಿತು ಎಂದು ತಿಳಿದು ವೈನ್ ಹಾಕುವುದು ಹೇಗೆ

ಕೊಡಗಿನಲ್ಲಿ ಮನೆ ವೈನ್ ಮಾಡುವವರಿಗೆ ಬರವಿಲ್ಲ, ದ್ರಾಕ್ಷಿ ಬೆಳೆಯುವವರು ಮಾತ್ರ ಬೆರಳೆಣಿಕೆಯಷ್ಟು. ನಮ್ಮ ಭರಣಿಗೆ ಬೀಳುವ ಹಣ್ಣು ಚಿಕ್ಕಬಳ್ಳಾಪುರದ್ದೋ ವಿಜಯಪುರದ್ದೋ ತಮಿಳುನಾಡಿನ ಕಂಬಂ ಕಣಿವೆಯದ್ದೋ ಆಗಿರುತ್ತದೆ. ಅದು ಎಂಥ ಬಿಸಿಲಲ್ಲಿ ಬಲಿಯಿತು, ಕೊಯ್ಲಿನ ವಾರ ಅಲ್ಲಿ ಮಳೆ ಹಿಡಿದಿತ್ತೇ, ರಾತ್ರಿ ತಂಪಾಗುತ್ತಿತ್ತೇ ಎಂದು ಕೇಳುವ ರೂಢಿ ನಮ್ಮಲ್ಲಿಲ್ಲ. ಕಿಲೋ ಹಣ್ಣಿಗೆ ಕಿಲೋ ಸಕ್ಕರೆ ಸುರಿದು, ಲವಂಗ ಚಕ್ಕೆ ಹಾಕಿ, ಬಾಯಿ ಕಟ್ಟಿ ಇಟ್ಟುಬಿಡುತ್ತೇವೆ. ಹಾಗಾಗಿಯೇ ಯಾರ ಮನೆಗೆ ಹೋದರೂ, ಯಾವ ವರ್ಷದ್ದನ್ನು ಕೊಟ್ಟರೂ ಒಂದೇ ರುಚಿ.

ನಾನು ಸುಂಟಿಕೊಪ್ಪದ ಕಡೆಯವಳು. ಕಾಫಿ, ಮೆಣಸು ನಮ್ಮ ಜೀವನ. ಕಾಫಿ ಹೂ ಅರಳಿಸುವ ಹೂ ಮಳೆ ಒಂದು ವಾರ ಹಿಂದೆ ಮುಂದೆ ಆದರೆ ಫಸಲಿಗೆ ಏನಾಗುತ್ತದೆಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಒಂದೇ ತೋಟದಲ್ಲಿ ಏರಿನ ಮೇಲಿನ ಕಾಫಿಗೂ ಹೊಳೆ ಬದಿಯ ಕಾಫಿಗೂ ಇರುವ ವ್ಯತ್ಯಾಸವನ್ನು ನಾವು ಬಲ್ಲೆವು. ಅದೇ ಕಣ್ಣಿಂದ ದ್ರಾಕ್ಷಿಯನ್ನೂ ನೋಡಿದರೆ ಮನೆ ವೈನ್ ಬೇರೆಯದೇ ಆಗುತ್ತದೆ. ನೋಡುವುದು ಹೇಗೆ, ನೋಡಿದ್ದಕ್ಕೆ ತಕ್ಕಂತೆ ಭರಣಿಯಲ್ಲಿ ಏನು ಬದಲಿಸಬೇಕು, ಅದನ್ನು ಬರೆಯುತ್ತಿದ್ದೇನೆ.

ಹವೆ ಹಣ್ಣಿನೊಳಗೆ ಮಾಡುವ ಕೆಲಸ

ದ್ರಾಕ್ಷಿ ಕಾಯಿ ಮೊದಲು ಹಸಿರಾಗಿ, ಗಟ್ಟಿಯಾಗಿ, ಬಾಯಿಗಿಡಲಾಗದಷ್ಟು ಹುಳಿಯಾಗಿರುತ್ತದೆ. ಬಣ್ಣ ತಿರುಗಲು ಶುರುವಾದ ಮೇಲೆ ಎರಡು ಕೆಲಸ ಒಟ್ಟಿಗೆ ನಡೆಯುತ್ತವೆ. ಎಲೆ ಬಿಸಿಲಲ್ಲಿ ತಯಾರಿಸಿದ ಸಕ್ಕರೆ ಹಣ್ಣಿಗೆ ಇಳಿಯುತ್ತದೆ, ಹುಳಿ ಕಡಿಮೆಯಾಗುತ್ತ ಬರುತ್ತದೆ. ಆ ಹುಳಿಯಲ್ಲಿ ಮುಖ್ಯವಾದವು ಎರಡು ಬಗೆ. ಒಂದು ಟಾರ್ಟಾರಿಕ್ ಆಮ್ಲ, ಹುಣಸೆಯಲ್ಲಿರುವುದೂ ಇದೇ. ಇದು ಸೆಕೆಗೆ ಅಷ್ಟಾಗಿ ಜಗ್ಗುವುದಿಲ್ಲ. ಇನ್ನೊಂದು ಮ್ಯಾಲಿಕ್ ಆಮ್ಲ, ಹಸಿ ಸೇಬು ಕಚ್ಚಿದಾಗ ಸಿಗುವ ಹುಳಿ. ಹಣ್ಣು ತನ್ನ ಉಸಿರಾಟಕ್ಕೆ ಇದನ್ನು ಬಳಸಿಕೊಳ್ಳುತ್ತದೆ. ಸೆಕೆ ಹೆಚ್ಚಾದಷ್ಟೂ ಬೇಗ ಖರ್ಚಾಗುತ್ತದೆ. ಹಗಲು ಒಳ್ಳೆ ಬಿಸಿಲು, ರಾತ್ರಿ ತಂಪು ಇರುವ ಜಾಗದಲ್ಲಿ ಸಕ್ಕರೆಯೂ ಏರುತ್ತದೆ, ಹುಳಿಯೂ ಉಳಿಯುತ್ತದೆ. ರಾತ್ರಿಯೂ ಬೇಯುವ ಊರಿನಲ್ಲಿ ಸಿಹಿ ಬೇಗ ಬರುತ್ತದೆ, ವೈನ್ ಮಾತ್ರ ಸಪ್ಪೆಯಾಗುತ್ತದೆ.

ಸಿಪ್ಪೆಯ ಬಣ್ಣಕ್ಕೂ ಇದೇ ಕಥೆ. ಬಿಸಿಲು ಬೇಕು, ಆದರೆ 35 ಡಿಗ್ರಿ ದಾಟಿದ ಸೆಕೆ ದಿನಗಟ್ಟಲೆ ನಿಂತರೆ ಕಪ್ಪು ದ್ರಾಕ್ಷಿಯ ಬಣ್ಣ ತೆಳುವಾಗುತ್ತದೆ. ಕೊಯ್ಲಿನ ಹೊತ್ತಿಗೆ ಜೋರು ಮಳೆ ಬಂದರೆ ಹಣ್ಣು ನೀರು ಕುಡಿದು ಉಬ್ಬುತ್ತದೆ, ಸಕ್ಕರೆ ತೆಳ್ಳಗಾಗುತ್ತದೆ, ಸಿಪ್ಪೆ ಬಿರಿಯುತ್ತದೆ. ಬಿರಿದಲ್ಲಿ ಬೂಜು ಕೂರುತ್ತದೆ.

ಸೆಕೆಯ ಲೆಕ್ಕವನ್ನು ಮೊದಲು ವ್ಯವಸ್ಥಿತವಾಗಿ ಇಟ್ಟವರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅಮೆರಿನ್ ಮತ್ತು ವಿಂಕ್ಲರ್ ಮುಖ್ಯರು. ದಿನದ ಸರಾಸರಿ ತಾಪಮಾನದಲ್ಲಿ 10 ಡಿಗ್ರಿ ಕಳೆದು, ಉಳಿದದ್ದನ್ನು ಏಪ್ರಿಲ್‌ನಿಂದ ಅಕ್ಟೋಬರ್ ತನಕ ಕೂಡಿಸಿ, ಸೀಮೆಗಳನ್ನು ತಂಪಿನಿಂದ ಸೆಕೆಗೆ ಐದು ಗುಂಪು ಮಾಡಿದರು. ಅವರ ವರದಿ ಬಂದದ್ದು 1944ರಲ್ಲಿ. ನಮ್ಮ ಕಡೆಗೆ ಈ ಲೆಕ್ಕ ಹಾಗೇ ಕೂಡುವುದಿಲ್ಲ. ಅಲ್ಲಿ ಚಳಿಗಾಲದಲ್ಲಿ ಬಳ್ಳಿ ಎಲೆ ಉದುರಿಸಿ ಮಲಗುತ್ತದೆ. ಇಲ್ಲಿ ಅದಕ್ಕೆ ನಿದ್ದೆಯೇ ಇಲ್ಲ. ಅದಕ್ಕೇ ವಿಜಯಪುರದ ರೈತರು ವರ್ಷಕ್ಕೆ ಎರಡು ಸಲ ಚಾಟ್ನಿ, ಎಂದರೆ ಬಳ್ಳಿಯ ಕಡ್ಡಿ ಕತ್ತರಿಸುವ ಕೆಲಸ, ಮಾಡುತ್ತಾರೆ. ಏಪ್ರಿಲ್ ಚಾಟ್ನಿಯಲ್ಲಿ ಮುಂದೆ ಕಾಯಿ ಹಿಡಿಯಬೇಕಾದ ಕಡ್ಡಿ ತಯಾರಾಗುತ್ತದೆ, ಅಕ್ಟೋಬರ್ ಚಾಟ್ನಿಯಿಂದ ಫಸಲು ಬರುತ್ತದೆ. ಹಣ್ಣು ಬಲಿಯುವುದು ಫೆಬ್ರವರಿ, ಮಾರ್ಚ್‌ನ ಒಣ ಹವೆಯಲ್ಲಿ. ಅಂದರೆ ನಮ್ಮ ರೈತರು ಕತ್ತರಿ ಹಿಡಿದೇ ಹಣ್ಣಿಗೆ ಬೇಕಾದ ಹವೆಯನ್ನು ಆರಿಸಿಕೊಳ್ಳುತ್ತಾರೆ. ಇದು ನನಗೆ ತುಂಬ ದೊಡ್ಡ ಜಾಣ್ಮೆಯಾಗಿ ಕಾಣುತ್ತದೆ.

ಸಂತೆಯಲ್ಲಿ ಕೇಳಬೇಕಾದ್ದು, ಬಾಯಿಗೆ ಹಾಕಿ ನೋಡಬೇಕಾದ್ದು

ಮಡಿಕೇರಿಯ ಶುಕ್ರವಾರದ ಸಂತೆಯಲ್ಲಿ ನಾನು ರೇಟು ಕೇಳುವ ಮೊದಲು ಊರು ಕೇಳುತ್ತೇನೆ.

"ಅಣ್ಣಾ, ಇದು ಯಾವ ಕಡೆ ಮಾಲು?"

"ಚಿಕ್ಕಬಳ್ಳಾಪುರದ್ದು ಅಕ್ಕಾ."

"ಕೊಯ್ಯುವಾಗ ಮಳೆ ಇತ್ತಾ?"

"ಎರಡು ಮೂರು ದಿನ ಹಿಡ್ಕೊಂಡಿತ್ತು. ಅದಕ್ಕೇ ರೇಟು ಇಳಿದದ್ದು."

ತಿನ್ನಲು ಅಂಥ ಹಣ್ಣು ಲಾಭ, ವೈನಿಗೆ ನಷ್ಟ. ವ್ಯಾಪಾರಿಗೆ ಊರು ಗೊತ್ತಿಲ್ಲದಿದ್ದರೆ ಹಣ್ಣೇ ಹೇಳುತ್ತದೆ. ಗೊಂಚಲಿನ ಭುಜದ ಹಣ್ಣು ಬಿಡಿ, ಅದು ಯಾವಾಗಲೂ ಮುಂದಿರುತ್ತದೆ; ತುದಿಯದನ್ನು, ಒಳಗೆ ನೆರಳಲ್ಲಿ ಅಡಗಿದ್ದನ್ನು ಕಿತ್ತು ಬಾಯಿಗೆ ಹಾಕಿ. ಮೊದಲು ರಸ ಮಾತ್ರ ಹೀರಿ: ಸಿಹಿಯ ಹಿಂದೆಯೇ ಹುಳಿ ಬಂದು ಬಾಯಲ್ಲಿ ನೀರೂರಬೇಕು. ಬರೀ ಸಿಹಿ ಬಂದು ಅಲ್ಲಿಗೇ ನಿಂತರೆ ಅದು ಸೆಕೆಯ ಹಣ್ಣು. ಸಿಹಿಯೂ ಇಲ್ಲ, ಹುಳಿಯೂ ಇಲ್ಲ, ನೀರು ನೀರು ಎಂದರೆ ಮಳೆಯಲ್ಲಿ ನೆನೆದದ್ದು. ಆಮೇಲೆ ಸಿಪ್ಪೆಯನ್ನು ಮುಂದಿನ ಹಲ್ಲಲ್ಲಿ ಚೆನ್ನಾಗಿ ಅಗಿಯಿರಿ. ಬಣ್ಣ ನಾಲಗೆಗೆ ಹತ್ತಬೇಕು. ಒಗರು ಇರಲಿ, ಆದರೆ ಹಸಿ ಸೊಪ್ಪಿನ ವಾಸನೆ ಬರಬಾರದು. ಕೊನೆಗೆ ಬೀಜ ನೋಡಿ. ಹಸಿರು ಬೀಜ ಹಲ್ಲಿಗೆ ಅಂಟುತ್ತದೆ, ಕಹಿ ಬಿಡುತ್ತದೆ. ಕಂದಾದ ಬೀಜ ಕಟುಂ ಎಂದು ಒಡೆಯುತ್ತದೆ. ಸಿಹಿ ಬಂದಿದ್ದರೂ ಬೀಜ ಹಸಿರಾಗಿದ್ದರೆ ಸೆಕೆ ಹಣ್ಣನ್ನು ಅವಸರಕ್ಕೆ ಸಿಹಿ ಮಾಡಿದೆ ಎಂದು ತಿಳಿಯಿರಿ.

ನಮಗೆ ಸಿಗುವ ಹಣ್ಣಿನಲ್ಲಿ ಮೊದಲ ಸ್ಥಾನ ಬೆಂಗಳೂರು ನೀಲಿ ದ್ರಾಕ್ಷಿಗೆ. ಬೆಂಗಳೂರು ಸುತ್ತಮುತ್ತ, ಚಿಕ್ಕಬಳ್ಳಾಪುರ, ಕೋಲಾರದ ಎತ್ತರದ ಬಯಲು ಇದರ ಊರು. ಊರಿನ ಹೆಸರಿಗೆ ಸಿಗುವ ಜಿಐ (ಭೌಗೋಳಿಕ ಸೂಚಿಕೆ) ಮಾನ್ಯತೆಯೂ ಇದೆ. ಹಿಸುಕಿದರೆ ತಿರುಳು ಸಿಪ್ಪೆಯಿಂದ ಜಾರಿ ಹೊರಬರುತ್ತದೆ. ಅದರ ಗಾಢ ಪರಿಮಳ ಅಮೆರಿಕದ ಲ್ಯಾಬ್ರುಸ್ಕಾ ಜಾತಿಯ ರಕ್ತದಿಂದ ಬಂದದ್ದು, ಮೀಥೈಲ್ ಆಂಥ್ರನಿಲೇಟ್ ಎಂಬ ವಸ್ತು ಅದಕ್ಕೆ ಕಾರಣ. ಈ ಘಾಟು ಯಾವ ಹವೆಯಲ್ಲಿ ಬೆಳೆದರೂ ಹೋಗುವುದಿಲ್ಲ. ಹವೆ ಬದಲಿಸುವುದು ಅದರ ಜೊತೆಗಿರುವ ಸಿಹಿ, ಹುಳಿ, ಬಣ್ಣವನ್ನು. ವರ್ಷಕ್ಕೆ ಎರಡು ಬೆಳೆ ಬರುವ ತಳಿ ಇದು. ಒಣ ತಿಂಗಳಲ್ಲಿ ಹಣ್ಣಾದದ್ದನ್ನೂ ಮೋಡ ಮಳೆಯಲ್ಲಿ ಹಣ್ಣಾದದ್ದನ್ನೂ ಬೇರೆ ಬೇರೆ ಭರಣಿಗೆ ಹಾಕಿ ನೋಡಿ. ತಳಿ ಒಂದೇ, ಜಿಲ್ಲೆ ಒಂದೇ, ವೈನ್ ಎರಡು.

ಪನ್ನೀರು ದ್ರಾಕ್ಷಿ ಎಂದು ಬರುವುದು ಮಸ್ಕಟ್ ಹ್ಯಾಂಬರ್ಗ್ ತಳಿ, ಗುಲಾಬಿ ದ್ರಾಕ್ಷಿ ಎಂದೂ ಕರೆಯುತ್ತಾರೆ. ಕಂಬಂ ಕಣಿವೆಯದ್ದಕ್ಕೆ 2023ರಲ್ಲಿ ಜಿಐ ಸಿಕ್ಕಿತು. ಪರಿಮಳ ಸೊಗಸು, ಬಣ್ಣ ತೆಳು. ವಿಜಯಪುರ, ಬಾಗಲಕೋಟೆಯಿಂದ ಬರುವ ಬೀಜವಿಲ್ಲದ ಹಸಿರು ದ್ರಾಕ್ಷಿ ತಿನ್ನಲಿಕ್ಕೂ ಒಣದ್ರಾಕ್ಷಿಗೂ ಬೆಳೆದದ್ದು. ಕಾಳು ದಪ್ಪವಾಗಲಿ ಎಂದು ಜಿಬ್ಬರೆಲಿಕ್ ಆಮ್ಲ ಕೊಟ್ಟಿರುತ್ತಾರೆ. ಕಾಳು ದಪ್ಪವಾದಷ್ಟೂ ರಸ ಹೆಚ್ಚು, ಸಿಪ್ಪೆಯ ಪಾಲು ಕಡಿಮೆ. ಪರಿಮಳ ಬಹುಪಾಲು ಇರುವುದು ಸಿಪ್ಪೆಯಲ್ಲಿ. ಅದರಿಂದ ವೈನ್ ಮಾಡಲು ನಾನು ಯಾರಿಗೂ ಹೇಳುವುದಿಲ್ಲ.

ಮೆಣಸಿನ ವಾಸನೆ

ಇದನ್ನು ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ, ಏಕೆಂದರೆ ಕೊಡಗಿನವರ ಮೂಗಿಗೆ ಇದಕ್ಕಿಂತ ಒಳ್ಳೆಯ ಪಾಠ ಇಲ್ಲ.

ಶಿರಾಜ್ ಎಂಬ ಕಪ್ಪು ದ್ರಾಕ್ಷಿಯ ವೈನಿನಲ್ಲಿ ಕರಿಮೆಣಸಿನ ವಾಸನೆ ಬರುತ್ತದೆಂದು ಕುಡಿಯುವವರು ಹಿಂದಿನಿಂದಲೂ ಹೇಳುತ್ತಿದ್ದರು. ಯಾವ ವಸ್ತುವಿನಿಂದ ಬರುತ್ತದೆಂದು ಆಸ್ಟ್ರೇಲಿಯದ ವೈನ್ ಸಂಶೋಧನಾ ಸಂಸ್ಥೆಯವರು 2008ರಲ್ಲಿ ತೋರಿಸಿದರು. ಹೆಸರು ರೋಟಂಡೋನ್. ನಮ್ಮ ಸಿಲ್ವರ್ ಮರಕ್ಕೆ ಹಬ್ಬಿದ ಮೆಣಸಿನಲ್ಲಿರುವುದೂ ಅದೇ ರೋಟಂಡೋನ್. ತಂಪು ಜಾಗದಲ್ಲಿ, ತಂಪಾದ ವರ್ಷದಲ್ಲಿ, ಎಲೆಯ ನೆರಳಿರುವ ಗೊಂಚಲಿನಲ್ಲಿ ಇದು ಹೆಚ್ಚು; ಬಿಸಿಲು ನೇರ ಬಡಿಯುವ ಗೊಂಚಲಿನಲ್ಲಿ ಕಡಿಮೆ. ಒಂದೇ ತೋಟದ ಎರಡು ಬದಿಯಲ್ಲೂ ವ್ಯತ್ಯಾಸ ಸಿಗುತ್ತದೆ.

ಮನೆಯಲ್ಲೇ ನೋಡಬಹುದು. ಒಂದು ಬಾಟಲಿ ಶಿರಾಜ್ ತನ್ನಿ. ನಂದಿ ಬೆಟ್ಟದ ತಪ್ಪಲಿನದ್ದಾದರೆ ಒಳ್ಳೆಯದು. ಅಲ್ಲಿ 1988ರಲ್ಲಿ ಗ್ರೋವರ್ ಕುಟುಂಬ ಫ್ರೆಂಚ್ ತಳಿಗಳೊಂದಿಗೆ ವೈನ್ ಕೆಲಸ ಶುರು ಮಾಡಿತು. ಸಮುದ್ರಮಟ್ಟದಿಂದ 900 ಮೀಟರ್ ಆಸುಪಾಸಿನ ಎತ್ತರ, ರಾತ್ರಿ ತಂಪು. ಜೊತೆಗೆ ನಾಸಿಕದ್ದೋ ಹಂಪಿ ಕಡೆಯದ್ದೋ ಇನ್ನೊಂದು ಶಿರಾಜ್ ಇಡಿ. ಎರಡು ಲೋಟಕ್ಕೂ ಕಾಲು ಭಾಗ ಮಾತ್ರ ಹಾಕಿ. ಒಣಗಿದ ಮೆಣಸಿನ ನಾಲ್ಕು ಕಾಳನ್ನು ಆಗಷ್ಟೇ ಜಜ್ಜಿ ತಟ್ಟೆಯಲ್ಲಿಟ್ಟು, ಮೊದಲು ಅದನ್ನು ಮೂಸಿ, ಆಮೇಲೆ ಲೋಟ ತಿರುಗಿಸಿ ಮೂಸಿ. ಖಾರ ಹುಡುಕಬೇಡಿ, ಅದು ಬೇರೆ ವಸ್ತು. ಜಜ್ಜಿದ ಕ್ಷಣ ಮೂಗಿಗೆ ಬರುತ್ತದಲ್ಲ, ಒಣ ಮರದಂಥ ಆ ಘಮ, ಅದನ್ನು ಹುಡುಕಿ. ಸುಮಾರು ಐದರಲ್ಲಿ ಒಬ್ಬರ ಮೂಗಿಗೆ ರೋಟಂಡೋನ್ ಗೊತ್ತೇ ಆಗುವುದಿಲ್ಲ ಎಂದೂ ಅದೇ ಸಂಶೋಧನೆಯಲ್ಲಿ ಕಂಡಿತು. ಆದ್ದರಿಂದ ಒಬ್ಬರೇ ಕೂತು ತೀರ್ಮಾನ ಮಾಡಬೇಡಿ, ಮನೆಯವರ ಕೈಗೂ ಲೋಟ ಕೊಡಿ.

ಇನ್ನೊಂದು ವಾಸನೆ ಕ್ಯಾಬರ್ನೆ ಸೋವಿನ್ಯಾನ್ ಎಂಬ ಕಪ್ಪು ದ್ರಾಕ್ಷಿಯದು: ಹಸಿ ದೊಣ್ಣೆ ಮೆಣಸಿನಕಾಯಿ ಹೆಚ್ಚಿದ ಹಾಗೆ. ಮೆಥಾಕ್ಸಿಪೈರಜಿನ್ ಎಂಬ ವಸ್ತು ಇದಕ್ಕೆ ಕಾರಣ. ಹಣ್ಣು ಬಲಿತಂತೆ, ಬಿಸಿಲು ತಾಗಿದಂತೆ ಕಡಿಮೆಯಾಗುತ್ತದೆ. ಅದು ಜೋರಾಗಿದ್ದರೆ ಹಣ್ಣು ಬೇಗ ಕಿತ್ತದ್ದು, ಇಲ್ಲವೇ ಎಲೆ ಮುಚ್ಚಿಕೊಂಡಿತ್ತು.

ಸುತ್ತಲಿನ ಮರ, ಮಂಜು, ಮಣ್ಣು, ಹೊಗೆ

ತೋಟದ ಪಕ್ಕ ನೀಲಗಿರಿ ಮರ ಇದ್ದರೆ ವೈನಿಗೆ ನೀಲಗಿರಿ ಎಣ್ಣೆಯ ವಾಸನೆ ಹತ್ತುತ್ತದೆ. ಆಸ್ಟ್ರೇಲಿಯದಲ್ಲಿ ಅಳೆದು ನೋಡಿದ್ದಾರೆ: ಮರಕ್ಕೆ ಹತ್ತಿರದ ಸಾಲುಗಳಲ್ಲಿ ಹೆಚ್ಚು, ದೂರ ಹೋದಂತೆ ಕಡಿಮೆ. ಗೊಂಚಲಿನ ನಡುವೆ ಸಿಕ್ಕಿಕೊಂಡ ಮರದ ಎಲೆ ಹಣ್ಣಿನ ಜೊತೆ ಹುದುಗಿದರೆ ಇನ್ನೂ ಹೆಚ್ಚು. ನಾವು ಕಲಿಯಬೇಕಾದ್ದು ಇಷ್ಟು: ಬುಟ್ಟಿಯಲ್ಲಿ ಬಂದ ಎಲೆ, ತೊಟ್ಟು, ಕಸ ಎಲ್ಲ ಆರಿಸಿ ತೆಗೆದ ಮೇಲೆಯೇ ಹಿಸುಕಿ.

ಹೊಗೆಯೂ ಹಾಗೆಯೇ. ಬಣ್ಣ ತಿರುಗಿದ ಮೇಲೆ ಕಾಡ್ಗಿಚ್ಚಿನ ಹೊಗೆ ಕುಡಿದ ಹಣ್ಣು ತಿನ್ನುವಾಗ ಏನೂ ತೋರಿಸುವುದಿಲ್ಲ. ಹೊಗೆಯ ಅಂಶ ಸಕ್ಕರೆಗೆ ಅಂಟಿಕೊಂಡು ಒಳಗೆ ಅಡಗಿರುತ್ತದೆ, ಹುದುಗುವಾಗ ಬಿಡುಗಡೆಯಾಗಿ ಬೂದಿಯ ರುಚಿ ಕೊಡುತ್ತದೆ.

ಮಂಜು ನಮಗೆ ಶತ್ರು, ಎಲ್ಲ ಕಡೆಯೂ ಹಾಗಲ್ಲ. ಫ್ರಾನ್ಸಿನ ಸೋತೆರ್ನ್‌ನಲ್ಲಿ ಸಿರಾನ್ ಎಂಬ ತಣ್ಣನೆಯ ಹೊಳೆ ಗಾರೋನ್ ನದಿಗೆ ಸೇರುವಲ್ಲಿ ಶರತ್ಕಾಲದ ಬೆಳಿಗ್ಗೆ ಮಂಜು ಏಳುತ್ತದೆ, ಮಧ್ಯಾಹ್ನ ಬಿಸಿಲು ಬಂದು ಒಣಗಿಸುತ್ತದೆ. ಮಂಜಿನಲ್ಲಿ ಹಣ್ಣಿಗೆ ಬೊಟ್ರೈಟಿಸ್ ಬೂಜು ಹಿಡಿಯುತ್ತದೆ, ಬಿಸಿಲಲ್ಲಿ ನೀರು ಆರಿ ಸಕ್ಕರೆ ಗಟ್ಟಿಯಾಗುತ್ತದೆ. ಜಗತ್ತಿನ ಹೆಸರಾಂತ ಸಿಹಿ ವೈನ್ ಆಗುವುದು ಆ ಬೂಜು ಹಿಡಿದ ಹಣ್ಣಿನಿಂದ. ಮಧ್ಯಾಹ್ನದ ಆ ಬಿಸಿಲು ಇಲ್ಲದಿದ್ದರೆ ಅದೇ ಬೂಜಿನಿಂದ ಬರೀ ಕೊಳೆತ.

ಮಣ್ಣಿನ ಬಗ್ಗೆ ದೊಡ್ಡ ಮಾತು ಕೇಳಿರುತ್ತೀರಿ: ಸುಣ್ಣದ ಕಲ್ಲಿನ ರುಚಿ, ಬಂಡೆಯ ರುಚಿ ಎಂದು. ಬೇರು ಕಲ್ಲನ್ನು ಹೀರಿ ಲೋಟಕ್ಕೆ ತರುವುದಿಲ್ಲ ಎಂದು ಭೂವಿಜ್ಞಾನಿ ಅಲೆಕ್ಸ್ ಮಾಲ್ಟ್‌ಮನ್ ವಿವರವಾಗಿ ಬರೆದಿದ್ದಾರೆ, ಅವರ ವಾದ ನನಗೆ ಒಪ್ಪಿತ. ಮಣ್ಣಿನ ನಿಜವಾದ ಕೆಲಸ ನೀರಿನದ್ದು, ಶಾಖದ್ದು. ನೀರು ಬಸಿದುಹೋಗುವ ಮಣ್ಣಿನಲ್ಲಿ ಬಳ್ಳಿ ಸ್ವಲ್ಪ ಬಾಯಾರಿ ಚಿಗುರುವುದನ್ನು ನಿಲ್ಲಿಸಿ ಹಣ್ಣಿನ ಕಡೆ ಗಮನ ಕೊಡುತ್ತದೆ. ನೀರು ನಿಲ್ಲುವ ಜಾಗದಲ್ಲಿ ಎಲೆಯೇ ಎಲೆ. ಜರ್ಮನಿಯ ಮೋಸೆಲ್ ಕಣಿವೆಯಂಥ ತಂಪು ಸೀಮೆಯಲ್ಲಿ ದಕ್ಷಿಣಕ್ಕೆ ಮುಖ ಮಾಡಿದ ಕಡಿದಾದ ಇಳಿಜಾರು, ಕಪ್ಪು ಸ್ಲೇಟ್ ಕಲ್ಲು ಹಗಲಿನ ಶಾಖ ಹಿಡಿದಿಟ್ಟುಕೊಂಡೇ ಹಣ್ಣು ಮಾಗುವಂತೆ ಮಾಡುತ್ತವೆ.

ಕೊಡಗಿನಲ್ಲೇ ಒಂದು ಬಳ್ಳಿ ಹಾಕಬಹುದೇ

ಜಾಗ ನೋಡಿ ಹಾಕಬಹುದು. ಮಡಿಕೇರಿಯಲ್ಲಿ ವರ್ಷಕ್ಕೆ ನೂರು ಇಂಚು ಮಳೆ ದಾಟುವುದು ಸಾಮಾನ್ಯ. ವಿಜಯಪುರದಲ್ಲಿ 25 ಇಂಚಿನ ಆಸುಪಾಸು. ದ್ರಾಕ್ಷಿಗೆ ಒಗ್ಗುವುದು ಎರಡನೆಯದು. ಭಾಗಮಂಡಲ, ಮಡಿಕೇರಿ ಸುತ್ತ ಆಸೆ ಬಿಡಿ. ಕುಶಾಲನಗರ, ಶನಿವಾರಸಂತೆಯ ಮಳೆ ಕಡಿಮೆ ಇರುವ ಮಗ್ಗುಲಲ್ಲಿ ಮನೆ ಮುಂದೆ ಚಪ್ಪರಕ್ಕೆ ಒಂದೆರಡು ಬಳ್ಳಿ ಹಬ್ಬಿಸಬಹುದು. ಡಾಗ್‌ರಿಡ್ಜ್ ಎಂಬ ತಳಿಯ ಬೇರಿನ ಮೇಲೆ ಕಸಿ ಮಾಡಿದ ಗಿಡ ತನ್ನಿ. ಮಳೆಗಾಲ ಮುಗಿದ ಮೇಲೆ ಅಕ್ಟೋಬರ್‌ನಲ್ಲಿ ಚಾಟ್ನಿ ಮಾಡಿ, ಹೂ ಮಳೆ ಬೀಳುವ ಮೊದಲು ಹಣ್ಣು ಕೈಗೆ ಬರುವಂತೆ ನೋಡಿಕೊಳ್ಳಿ. ಮರ ಕಪಾತು ಮಾಡಿ ಬೆಳಗಿನ ಬಿಸಿಲು ಬಳ್ಳಿಗೆ ನೇರ ಬೀಳುವಂತೆ ಮಾಡಿ. ಎಲೆಯ ಮೇಲಿನ ಇಬ್ಬನಿ ಎಷ್ಟು ಬೇಗ ಆರುತ್ತದೋ ಅಷ್ಟು ರೋಗ ಕಡಿಮೆ.

ಮುಖ್ಯ ರೋಗ ಡೌನಿ ಮಿಲ್ಡ್ಯೂ, ನಾವು ಡೌನಿ ಎನ್ನುತ್ತೇವೆ. ಎಲೆಯ ಮೇಲೆ ಎಣ್ಣೆ ಬಿದ್ದಂಥ ಹಳದಿ ಕಲೆ, ಅಡಿಯಲ್ಲಿ ಬಿಳಿ ಬೂಜು. ಅದಕ್ಕೆ ಮದ್ದು ನಿಮ್ಮ ಉಗ್ರಾಣದಲ್ಲೇ ಇದೆ. ಮಳೆ ಹಿಡಿಯುವ ಮೊದಲು ಮೆಣಸಿನ ಬಳ್ಳಿಗೆ ಹೊಡೆಯುವ ಬೋರ್ಡೋ ದ್ರಾವಣ ಹುಟ್ಟಿದ್ದೇ ದ್ರಾಕ್ಷಿಗಾಗಿ. ಫ್ರಾನ್ಸಿನ ಬೋರ್ಡೋ ಸೀಮೆಯಲ್ಲಿ ದಾರಿಹೋಕರು ಹಣ್ಣು ಕೀಳದಿರಲೆಂದು ರಸ್ತೆ ಬದಿಯ ಬಳ್ಳಿಗಳಿಗೆ ಮೈಲುತುತ್ತು, ಸುಣ್ಣ ಬಳಿಯುತ್ತಿದ್ದರು. ಆ ಸಾಲಿಗೆ ಮಾತ್ರ ಡೌನಿ ಬಂದಿರಲಿಲ್ಲ. ಅದನ್ನು ಗಮನಿಸಿದ ಪ್ರೊಫೆಸರ್ ಮಿಯಾರ್ದೆ ಪ್ರಯೋಗ ಮಾಡಿ 1885ರಲ್ಲಿ ಪ್ರಕಟಿಸಿದರು. ಶೇ. 1ರ ಅಳತೆ ನಿಮಗೆ ಗೊತ್ತಿರುವುದೇ: 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು. ಕಾಯಿ ಬಣ್ಣ ತಿರುಗುವ ಹೊತ್ತಿಗೆ ಹೊಡೆಯುವುದನ್ನು ನಿಲ್ಲಿಸಿ. ತಾಮ್ರ ಉಳಿದ ಹಣ್ಣಿನಲ್ಲಿ ಯೀಸ್ಟ್ ಸರಿಯಾಗಿ ಏಳುವುದಿಲ್ಲ.

ಹಣ್ಣಿಗೆ ತಕ್ಕ ಭರಣಿ

ಹಣ್ಣನ್ನು ಬೇಗ ತೊಳೆದು, ನೆರಳಲ್ಲಿ ಬಟ್ಟೆಯ ಮೇಲೆ ಹರಡಿ ಪೂರ್ತಿ ಆರಿಸಿ. ಹಿಸುಕಿದ ರಸದ ಸಕ್ಕರೆಯನ್ನು ಹೈಡ್ರೋಮೀಟರಿನಲ್ಲಿ ಅಳೆಯಿರಿ. ಇದೊಂದು ಸಾಮಾನಿಗೆ ಖರ್ಚು ಮಾಡಲು ಹಿಂಜರಿಯಬೇಡಿ. ವೈನಿಗೆ 22 ಬ್ರಿಕ್ಸ್, ಎಂದರೆ ನೂರು ಗ್ರಾಂ ರಸದಲ್ಲಿ ಸುಮಾರು 22 ಗ್ರಾಂ ಸಕ್ಕರೆ, ಇದ್ದರೆ ಸುಮಾರು ಶೇ. 12 ಮದ್ಯಾಂಶ ಬರುತ್ತದೆ. ರಸ 17 ತೋರಿಸಿದರೆ ಲೀಟರಿಗೆ 65ರಿಂದ 70 ಗ್ರಾಂ ಸಕ್ಕರೆ ಸಾಕು. ಕಿಲೋಗೆ ಕಿಲೋ ಹಾಕಿದರೆ ಯೀಸ್ಟ್ ಅರ್ಧದಲ್ಲೇ ಸೋಲುತ್ತದೆ, ಉಳಿದ ಸಕ್ಕರೆ ಹಣ್ಣಿನ ಊರನ್ನೇ ಮುಚ್ಚಿಹಾಕುತ್ತದೆ. ಲವಂಗ ಚಕ್ಕೆಯನ್ನು ಈ ಭರಣಿಗೆ ಹಾಕಲೇಬೇಡಿ.

ಸೆಕೆಯ ಊರಿನ ಹಣ್ಣಾದರೆ ಹುಳಿ ನೋಡಿ. ಹುಳಿಯ ಅಳತೆಯಾದ ಪಿಎಚ್ (ಅಂಕಿ ಏರಿದಷ್ಟೂ ಹುಳಿ ಕಡಿಮೆ) 3.6ಕ್ಕಿಂತ ಮೇಲಿದ್ದರೆ ತಿನ್ನಲು ಯೋಗ್ಯವಾದ ಟಾರ್ಟಾರಿಕ್ ಆಮ್ಲವನ್ನು ಲೀಟರಿಗೆ 1 ಗ್ರಾಂ ಹಾಕಿ, ಕಲಕಿ, ರುಚಿ ನೋಡಿ, ಬೇಕಾದರೆ ಮತ್ತೆ ಹಾಕಿ. ಮಳೆಯಲ್ಲಿ ನೆನೆದ ಹಣ್ಣಾದರೆ ಬಿರಿದ ಕಾಳು ಒಂದೂ ಒಳಗೆ ಹೋಗಬಾರದು, ಸಿಪ್ಪೆಯ ಜೊತೆ ನಾಲ್ಕೈದು ದಿನ ಸಾಕು. ಒಣ ಹವೆಯಲ್ಲಿ ಚೆನ್ನಾಗಿ ಬಲಿತದ್ದಾದರೆ ವಾರದ ತನಕ ಬಿಡಬಹುದು. ಮೇಲೆದ್ದ ಸಿಪ್ಪೆಯನ್ನು ಬೆಳಿಗ್ಗೆ ಸಂಜೆ ಮರದ ಸೌಟಿನಲ್ಲಿ ಒಳಗೆ ಒತ್ತಿ. ಬೆಂಗಳೂರು ನೀಲಿಯನ್ನು 21 ದಿನ ಸಿಪ್ಪೆಯ ಜೊತೆ ಇಡುವ ರೂಢಿ ನನಗೆ ಒಪ್ಪಿಗೆಯಿಲ್ಲ. ಘಾಟೂ ಕಹಿಯೂ ಮಿತಿ ಮೀರುತ್ತವೆ.

ಯೀಸ್ಟ್ ಬ್ರೆಡ್ಡಿನದ್ದು ಬೇಡ, ವೈನ್ ಯೀಸ್ಟ್ ಲೀಟರಿಗೆ ಕಾಲು ಗ್ರಾಂ. ಕೆಂಪು ವೈನಿಗೆ 25 ಡಿಗ್ರಿಯ ಆಸುಪಾಸು ಹಿತ. ನಮ್ಮ ಡಿಸೆಂಬರ್ ಜನವರಿಯ ರಾತ್ರಿಯಲ್ಲಿ ಭರಣಿ ತಣ್ಣಗಾಗಿ ಕೆಲಸ ನಿಂತೇಹೋಗಬಹುದು. ಅಡುಗೆಮನೆಯ ಒಲೆಯ ಹಿಂದಿನ ಗೋಡೆಗೆ ಒತ್ತಿ, ಸುತ್ತ ಗೋಣಿಚೀಲ ಸುತ್ತಿ ಇಡಿ. ಪನ್ನೀರು ದ್ರಾಕ್ಷಿಯನ್ನು ಸಿಪ್ಪೆ ತೆಗೆದು ರಸ ಮಾತ್ರ ಹುದುಗಿಸುವುದಾದರೆ ಅದೇ ಚಳಿ ವರ: 15ರಿಂದ 18 ಡಿಗ್ರಿಯಲ್ಲಿ ನಿಧಾನವಾಗಿ ಹುದುಗಿದಾಗ ಪರಿಮಳ ಹಾರಿಹೋಗುವುದಿಲ್ಲ. ಮಳೆಗಾಲದಲ್ಲಿ ನೊರಜಿನ ಕಾಟ ಹೆಚ್ಚು. ಅವು ಕಾಲಲ್ಲಿ ಹೊತ್ತು ತರುವ ಬ್ಯಾಕ್ಟೀರಿಯಾದಿಂದ ವೈನ್ ವಿನೆಗರ್ ಆಗುತ್ತದೆ, ಹಾಗಾಗಿ ಬಾಯಿಗೆ ಒತ್ತಾದ ಬಟ್ಟೆ, ಜೋರು ಹುದುಗುವಿಕೆ ಇಳಿದ ಮೇಲೆ ಒಳಗಿನ ಗಾಳಿ ಹೊರಬಿಟ್ಟು ಹೊರಗಿನದನ್ನು ತಡೆಯುವ ನೀರಿನ ಏರ್‌ಲಾಕ್. ಗುಳ್ಳೆ ಪೂರ್ತಿ ನಿಂತು, ಹೈಡ್ರೋಮೀಟರ್ ಅಂಕಿ ವಾರಗಟ್ಟಲೆ ಕದಲದಿದ್ದ ಮೇಲೆಯೇ ಬಾಟಲಿಗೆ ಬಿರಡೆ ಹಾಕಿ, ಇಲ್ಲವಾದರೆ ಒಡೆಯುತ್ತದೆ. ಇದೆಲ್ಲ ಮನೆಯವರಿಗಾಗಿ, ಮಾರುವುದಾದರೆ ಅಬಕಾರಿ ಪರವಾನಗಿ ಬೇಕು.

ಬಾಟಲಿಯ ಮೇಲೆ ಚೀಟಿ ಅಂಟಿಸಿ: ತಳಿ, ಊರು, ಕೊಯ್ದ ವಾರ, ಆಗ ಅಲ್ಲಿ ಮಳೆಯೋ ಬಿಸಿಲೋ, ಬ್ರಿಕ್ಸ್ ಎಷ್ಟಿತ್ತು, ಸಕ್ಕರೆ ಎಷ್ಟು ಹಾಕಿದಿರಿ. ಫ್ರಾನ್ಸಿನ ಬೋನ್ ಪಟ್ಟಣದಲ್ಲಿ 1354ರಿಂದ 2018ರ ತನಕ ಕೊಯ್ಲು ಶುರುವಾದ ದಿನಗಳ ಪಟ್ಟಿ ಸಿಕ್ಕಿದೆ. 1988ರಿಂದೀಚೆ ಅಲ್ಲಿ ಕೊಯ್ಲು ಹಿಂದಿನ ಶತಮಾನಗಳಿಗಿಂತ ಸರಾಸರಿ 13 ದಿನ ಮೊದಲೇ ಬರುತ್ತಿದೆ ಎಂದು ತಿಳಿದದ್ದು ಆ ಪಟ್ಟಿಯಿಂದ. ಕೊಡಗಿನ ತೋಟಗಳಲ್ಲಿ ಮಳೆಯ ಇಂಚು ಬರೆಯುವ ಪುಸ್ತಕ ಇದ್ದೇ ಇರುತ್ತದೆ. ಅದರ ಹಿಂದಿನ ಹಾಳೆಗಳನ್ನು ದ್ರಾಕ್ಷಿಗೆ ಮೀಸಲಿಡಿ. ಆರು ತಿಂಗಳು ಕಳೆದ ಮೇಲೆ ಎರಡು ಊರಿನ ಎರಡು ಬಾಟಲಿಗಳನ್ನು ಒಂದೇ ದಿನ ತೆಗೆದು, ಚೀಟಿ ಮುಚ್ಚಿ, ಯಾವುದು ಎಲ್ಲಿಯದೆಂದು ಮನೆಯವರನ್ನು ಕೇಳಿ, ಅವರು ಹೇಳಿದ್ದನ್ನೂ ಅಲ್ಲೇ ಬರೆದಿಡಿ.